ಸಂಸ್ಕರಿಸಿದ ದಾನಿ ಅಂಗಾಂಶದಲ್ಲಿ ಉಳಿದ ಡಿಎನ್‌ಎ: ಅಳೆಯುವ ಕ್ರಮ, ಅಂಕಿ ಓದುವ ಬಗೆ

ದಾನಿಯ ಚರ್ಮ, ಹೃದಯದ ಕವಾಟ, ಹಂದಿ ಕರುಳಿನ ಪದರ, ದನದ ಪೆರಿಕಾರ್ಡಿಯಂ (ಹೃದಯದ ಹೊರಚೀಲ). ಇವನ್ನೆಲ್ಲ ತೊಳೆದು, ಜೀವಕೋಶಗಳನ್ನು ತೆಗೆದು, ಕೊಲಾಜೆನ್ ಚೌಕಟ್ಟನ್ನಷ್ಟೇ ಉಳಿಸಿ ಶಸ್ತ್ರಚಿಕಿತ್ಸೆಗೆ ಕೊಡುವುದು ಈಗ ಮಾಮೂಲು. ಪೊಟ್ಟಣದ ಮೇಲೆ ‘ಜೀವಕೋಶರಹಿತ’ ಎಂದು ಬರೆದಿರುತ್ತದೆ. ಆದರೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭುಜದ ಸ್ನಾಯುರಜ್ಜು ದುರಸ್ತಿಗೆ ಬಳಸುತ್ತಿದ್ದ ಹಂದಿ ಕರುಳಿನ ಪದರದಲ್ಲಿ ಹಂದಿಯ ಡಿಎನ್‌ಎ ಇನ್ನೂ ಇದೆ ಎಂದು ತೋರಿಸಿತು. 2009ರಲ್ಲಿ ಗಿಲ್ಬರ್ಟ್ ಮತ್ತು ಬಡಿಲಾಕ್ ಅವರ ತಂಡ ಮಾರುಕಟ್ಟೆಯಲ್ಲಿದ್ದ ಹಲವು ಉತ್ಪನ್ನಗಳನ್ನು ಪರೀಕ್ಷಿಸಿತು. ಹೆಚ್ಚಿನವುಗಳಲ್ಲಿ ಅಳೆಯಲು ಸಿಗುವಷ್ಟು ಡಿಎನ್‌ಎ ಇತ್ತು, ಅದರಲ್ಲಿ ಬಹುಪಾಲು 300 ಬೇಸ್ ಪೇರ್‌ಗಿಂತ (ಡಿಎನ್‌ಎ ಉದ್ದದ ಅಳತೆ) ಚಿಕ್ಕ ಚೂರುಗಳು.

ಹಾಗಾಗಿ ‘ಡಿಎನ್‌ಎ ಇದೆಯೋ ಇಲ್ಲವೋ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎಷ್ಟಿದೆ, ಎಷ್ಟು ಉದ್ದದ್ದು, ಯಾವ ರೂಪದಲ್ಲಿದೆ ಎಂದು ಕೇಳಬೇಕು. ಈ ಬರಹ ಅಂಗಾಂಶ ಬ್ಯಾಂಕ್‌ನಲ್ಲೋ ಸಂಶೋಧನಾ ಪ್ರಯೋಗಾಲಯದಲ್ಲೋ ಇದನ್ನು ಅಳೆಯಬೇಕಾದವರಿಗೆ ಮತ್ತು ಬೇರೆಯವರು ಅಳೆದು ಕೊಟ್ಟ ವರದಿಯನ್ನು ಓದಬೇಕಾದ ಶಸ್ತ್ರವೈದ್ಯರಿಗೆ. ಇಬ್ಬರಿಗೂ ಮೊದಲೇ ಹೇಳಿಬಿಡುತ್ತೇನೆ: ವರದಿಯಲ್ಲಿ ಬರುವ ಅಂಕಿ ಅಂಗಾಂಶದ ಬಗ್ಗೆ ಎಷ್ಟು ಹೇಳುತ್ತದೋ, ಅಳೆದ ವಿಧಾನದ ಬಗ್ಗೆಯೂ ಅಷ್ಟೇ ಹೇಳುತ್ತದೆ. ಒಂದೇ ತುಂಡು, ಒಂದೇ ದಿನ, ಮೂರು ಬಗೆಯ ಲೆಕ್ಕ ಹಾಕಿದರೆ ಮೂರು ತೀರ್ಪು. ಅದು ಹೇಗೆ ಎಂಬ ಲೆಕ್ಕ ಮುಂದೆ ಬರುತ್ತದೆ.

ಎಲ್ಲರೂ ಹೇಳುವ 50 ನ್ಯಾನೊಗ್ರಾಂ

2011ರಲ್ಲಿ ಕ್ರಾಪೊ, ಗಿಲ್ಬರ್ಟ್, ಬಡಿಲಾಕ್ ಬರೆದ ಸಮೀಕ್ಷಾ ಲೇಖನವೊಂದು ಮೂರು ಕನಿಷ್ಠ ಮಾನದಂಡಗಳನ್ನು ಮುಂದಿಟ್ಟಿತು. ಒಣ ತೂಕದ ಪ್ರತಿ ಮಿಲಿಗ್ರಾಂ ಮ್ಯಾಟ್ರಿಕ್ಸ್‌ಗೆ (ಕೋಶ ತೆಗೆದ ಮೇಲೆ ಉಳಿದ ಚೌಕಟ್ಟಿಗೆ) 50 ನ್ಯಾನೊಗ್ರಾಂಗಿಂತ ಕಡಿಮೆ ಎರಡೆಳೆ ಡಿಎನ್‌ಎ ಇರಬೇಕು. ಚೂರುಗಳ ಉದ್ದ 200 ಬೇಸ್ ಪೇರ್‌ಗಿಂತ ಕಡಿಮೆ ಇರಬೇಕು. ಡ್ಯಾಪಿ (ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವುದು) ಅಥವಾ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿದ ಛೇದದಲ್ಲಿ (ಸೂಕ್ಷ್ಮದರ್ಶಕಕ್ಕಾಗಿ ಕತ್ತರಿಸಿದ ತೆಳು ಪದರದಲ್ಲಿ) ಕೋಶಕೇಂದ್ರದ ವಸ್ತು ಕಣ್ಣಿಗೆ ಬೀಳಬಾರದು. ಮೂರೂ ಒಟ್ಟಿಗೆ ಪಾಸಾಗಬೇಕು ಎಂಬುದು ಅದರ ಆಶಯ. ಆದರೆ ಆಮೇಲೆ ಬಂದ ಬಹಳಷ್ಟು ಪ್ರಬಂಧಗಳು ಮೊದಲನೆಯದನ್ನಷ್ಟೇ ಹಿಡಿದುಕೊಂಡವು.

ಇದು ಕಾನೂನಿನ ಮಿತಿಯಲ್ಲ. ಆ ಹೊತ್ತಿಗೆ ಯಾವ ಪ್ರಮಾಣದಲ್ಲಿ ಕೆಟ್ಟ ಪ್ರತಿಕ್ರಿಯೆ ಕಾಣಲಿಲ್ಲವೋ ಅದನ್ನು ನೋಡಿ ಹಾಕಿದ ಪ್ರಾಯೋಗಿಕ ಗೆರೆ. 49ಕ್ಕೆ ದೇಹ ಸುಮ್ಮನಿದ್ದು 51ಕ್ಕೆ ಕೆರಳುತ್ತದೆ ಎಂದು ಯಾರೂ ತೋರಿಸಿಲ್ಲ. ಗೆರೆಯ ಗಾತ್ರ ಅರ್ಥವಾಗಬೇಕಿದ್ದರೆ ಹೀಗೆ ಯೋಚಿಸಿ: ಮನುಷ್ಯನ ಒಂದು ಸಾಮಾನ್ಯ ಜೀವಕೋಶದಲ್ಲಿ ಸುಮಾರು 6.6 ಪಿಕೊಗ್ರಾಂ ಡಿಎನ್‌ಎ ಇರುತ್ತದೆ. 50 ನ್ಯಾನೊಗ್ರಾಂ ಎಂದರೆ ಹೆಚ್ಚುಕಡಿಮೆ 7,500 ಕೋಶಗಳ ಪಾಲು, ಅದೂ ಒಂದೇ ಮಿಲಿಗ್ರಾಂನಲ್ಲಿ. ‘ಜೀವಕೋಶರಹಿತ’ ಎಂಬ ಮಾತಿಗೆ ಇದು ಸಾಕಷ್ಟು ಉದಾರ ಮಿತಿಯೇ.

ಲಸಿಕೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ‘ಪ್ರತಿ ಡೋಸ್‌ಗೆ 10 ನ್ಯಾನೊಗ್ರಾಂ’ ಮಿತಿಯನ್ನು ಕೆಲವರು ಇಲ್ಲಿಗೆ ಎಳೆದು ತರುತ್ತಾರೆ. ಅದು ನಿರಂತರವಾಗಿ ವಿಭಜಿಸುತ್ತ ಹೋಗುವ ಕೋಶಸಾಲುಗಳಲ್ಲಿ ತಯಾರಾದ ಲಸಿಕೆಗಳಿಗಾಗಿ ಇರುವುದು. ಅಲ್ಲಿನ ಚಿಂತೆ ಕ್ಯಾನ್ಸರ್‌ಕಾರಕ ಜೀನ್‌ಗಳದ್ದು. ಆರೋಗ್ಯವಂತ ದಾನಿಯ ಚರ್ಮಕ್ಕೆ ಅದನ್ನು ಅನ್ವಯಿಸಿದರೆ ಯಾವ ಕಸಿಯೂ ಪಾಸಾಗುವುದಿಲ್ಲ.

ಉಳಿದ ಡಿಎನ್‌ಎಯಿಂದ ಏನಾಗುತ್ತದೆ

ಕಸಿಯಲ್ಲಿ ಉಳಿದ ಜೀನ್‌ಗಳು ರೋಗಿಯ ಜೀನ್‌ಗಳಲ್ಲಿ ಸೇರಿಕೊಳ್ಳುತ್ತವೆಯೇ ಎಂಬ ಭಯ ಸಾಮಾನ್ಯ. ಸತ್ತ ಅಂಗಾಂಶದ ಚೂರುಚೂರು ಡಿಎನ್‌ಎ ಬಗ್ಗೆ ಚಿಂತಿಸಬೇಕಾದ ದಿಕ್ಕು ಅದಲ್ಲ, ಉರಿಯೂತ. ರೋಗನಿರೋಧಕ ಕೋಶಗಳಿಗೆ ಅಡ್ಡಾದಿಡ್ಡಿ ಸಿಕ್ಕ ಡಿಎನ್‌ಎಯನ್ನು ಗುರುತಿಸುವ ಯಂತ್ರಾಂಗಗಳಿವೆ. ಟಿಎಲ್‌ಆರ್-9 ಎಂಬ ಗ್ರಾಹಿ ಮೀಥೈಲ್ ಗುಂಪಿಲ್ಲದ ಸಿಪಿಜಿ (ಡಿಎನ್‌ಎಯ ಒಂದು ಅಕ್ಷರಜೋಡಿ) ಭಾಗಗಳನ್ನು ಹಿಡಿಯುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎ ಬ್ಯಾಕ್ಟೀರಿಯಾ ಮೂಲದ್ದಾದ್ದರಿಂದ ಅದನ್ನು ಕೆರಳಿಸುವುದರಲ್ಲಿ ಮುಂದು. ಕೋಶದ್ರವದಲ್ಲಿರುವ ಸಿ-ಗ್ಯಾಸ್ ಎಂಬ ಕಿಣ್ವ ಎರಡೆಳೆ ಡಿಎನ್‌ಎ ಸಿಕ್ಕರೆ ಸ್ಟಿಂಗ್ ಎಂಬ ಪ್ರೋಟೀನಿನ ಮೂಲಕ ಇಂಟರ್‌ಫೆರಾನ್ ಕರೆ ಕಳಿಸುತ್ತದೆ, ಎಳೆ ಉದ್ದವಾದಷ್ಟೂ ಕರೆ ಜೋರು. ಪ್ರಮಾಣದಷ್ಟೇ ಉದ್ದವನ್ನೂ ಅಳೆಯಬೇಕು ಎನ್ನುವುದಕ್ಕೆ ಇದೇ ಕಾರಣ.

2012ರಲ್ಲಿ ಕೀನ್ ಮತ್ತು ಸಂಗಡಿಗರು ಕಡಿಮೆ ತೊಳೆದ ಹಾಗೂ ಚೆನ್ನಾಗಿ ತೊಳೆದ ಮ್ಯಾಟ್ರಿಕ್ಸ್‌ಗಳನ್ನು ಹೋಲಿಸಿ, ಕೋಶದ ಅವಶೇಷ ಹೆಚ್ಚಿದ್ದ ಕಡೆ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ರೋಗನಿರೋಧಕ ಕೋಶಗಳು) ಉರಿಯೂತದ ಕಡೆಗೆ, ಕಡಿಮೆ ಇದ್ದ ಕಡೆ ದುರಸ್ತಿಯ ಕಡೆಗೆ ವಾಲುವುದನ್ನು ತೋರಿಸಿದರು. ಇಲ್ಲಿ ಒಂದು ಎಚ್ಚರಿಕೆ: ಡಿಎನ್‌ಎ ಉಳಿದಿದೆ ಎಂದರೆ ಪೊರೆ, ಮೈಟೊಕಾಂಡ್ರಿಯಾ, ಪ್ರಾಣಿಮೂಲವಾದರೆ ಮನುಷ್ಯರಲ್ಲಿಲ್ಲದ ಆಲ್ಫಾ-ಗ್ಯಾಲ್ ಸಕ್ಕರೆ ಇವೂ ಉಳಿದಿರುವ ಸಂಭವ ಇದೆ. ಕೆರಳಿಸಿದ್ದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಡಿಎನ್‌ಎಯನ್ನು ನಾವು ಅಳೆಯುವುದು ಬಹುಮಟ್ಟಿಗೆ ಅದು ಅಳೆಯಲು ಸುಲಭ, ಉಳಿದ ಕಸಕ್ಕೆ ಸೂಚಕ ಎಂಬ ಕಾರಣಕ್ಕೆ.

ಸೂಚಕವನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ 2003ರಲ್ಲಿ ವರದಿಯಾದ ಪ್ರಕರಣವೊಂದಿದೆ. ಜೀವಕೋಶ ತೆಗೆದದ್ದು ಎಂದು ಹೇಳಲಾದ ಹಂದಿಯ ಹೃದಯ ಕವಾಟವನ್ನು ನಾಲ್ಕು ಮಕ್ಕಳಿಗೆ ಹಾಕಲಾಗಿತ್ತು. ತೀವ್ರ ಉರಿಯೂತದಿಂದ ಕವಾಟ ಹಾಳಾಗಿ ಮೂವರು ತೀರಿಕೊಂಡರು, ನಾಲ್ಕನೆಯವರಿಂದ ಅದನ್ನು ಮುನ್ನೆಚ್ಚರಿಕೆಯಾಗಿ ತೆಗೆಯಲಾಯಿತು. ಅಳವಡಿಸದೆ ಉಳಿದಿದ್ದ ಕವಾಟದ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕೋಶಗಳು ಪೂರ್ತಿ ಹೋಗಿಯೇ ಇರಲಿಲ್ಲ.

ಮೊದಲ ಹೆಜ್ಜೆ: ಈ ಅಂಗಾಂಶಕ್ಕೆ ಈ ಪ್ರಶ್ನೆ ಸರಿಯೇ?

ಪರೀಕ್ಷೆ ಶುರುಮಾಡುವ ಮುನ್ನ ಕೈಯಲ್ಲಿರುವುದು ಯಾವ ವರ್ಗದ್ದು ಎಂದು ನೋಡಿ. ಕೋಶ ತೆಗೆದ ಚರ್ಮ, ಕವಾಟ, ಕರುಳಿನ ಪದರ ಇವಕ್ಕೆ 50 ನ್ಯಾನೊಗ್ರಾಂ ಮಾತು ಹೊಂದುತ್ತದೆ. ಒಣಗಿಸಿದ ಆಮ್ನಿಯಾಟಿಕ್ ಪೊರೆಯಲ್ಲಿ (ಗರ್ಭದ ನೀರಿನ ಚೀಲದ ಪೊರೆ) ಅನೇಕ ಸಲ ಕೋಶಗಳನ್ನು ಬೇಕೆಂದೇ ಉಳಿಸಿರುತ್ತಾರೆ, ಹೆಪ್ಪುಗಟ್ಟಿಸಿದ ಮೂಳೆಯಲ್ಲಿ ಮಜ್ಜೆಯ ಅವಶೇಷ ಸಹಜ. ಅವು ಮಿತಿ ದಾಟಿದರೆ ದೋಷವೆನ್ನಲಾಗದು. ತಯಾರಕರು ಏನು ಹೇಳಿಕೊಂಡಿದ್ದಾರೋ ಅದಕ್ಕೆ ಪರೀಕ್ಷೆ.

ಗ್ಲುಟರಾಲ್ಡಿಹೈಡ್‌ನಲ್ಲಿ ಬಿಗಿದ ಪೆರಿಕಾರ್ಡಿಯಂ ಬೇರೆಯೇ ಕತೆ. ಅಲ್ಲಿ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಡಿಎನ್‌ಎಯನ್ನು ಒಳಗೇ ಹಿಡಿದಿಟ್ಟಿರುತ್ತವೆ. ಹೊರತೆಗೆಯುವ ಪರೀಕ್ಷೆ ‘ಬಹಳ ಕಡಿಮೆ’ ಎನ್ನುತ್ತದೆ, ಬಣ್ಣ ಹಾಕಿದ ಛೇದ ಕೋಶಕೇಂದ್ರಗಳನ್ನು ಸಾಲಾಗಿ ತೋರಿಸುತ್ತದೆ. ಇಂಥ ಕಡೆ ನಾನು ಛೇದವನ್ನು ನಂಬುತ್ತೇನೆ.

ಎರಡನೆಯ ಹೆಜ್ಜೆ: ಮಾದರಿ

ತೊಳೆಯುವ ದ್ರವ ಅಂಚಿಗೆ ಬೇಗ ಇಳಿಯುತ್ತದೆ, ದಪ್ಪ ನಡುಭಾಗಕ್ಕೆ ತಡವಾಗಿ. ಹಾಗಾಗಿ ಕತ್ತರಿಸಲು ಸುಲಭವೆಂದು ಅಂಚಿನಿಂದ ತುಂಡು ತೆಗೆದರೆ ಅತಿ ಶುದ್ಧ ಭಾಗವನ್ನೇ ಅಳೆದಂತಾಯಿತು. ಹಾಳೆಯಂಥ ಅಂಗಾಂಶವಾದರೆ ಅಂಚು, ನಡು, ಅತಿ ದಪ್ಪ ಜಾಗ, ಈ ಮೂರು ಕಡೆಯಿಂದ ತೆಗೆಯಿರಿ. ಕವಾಟವಾದರೆ ಎಸಳು ಬೇರೆ, ಗೋಡೆ ಬೇರೆ, ಬುಡದ ಸ್ನಾಯು ಬೇರೆ. ಸ್ನಾಯುವಿನಲ್ಲೇ ಹೆಚ್ಚು ಉಳಿಯುತ್ತದೆ. ಚರ್ಮದಲ್ಲಿ ಕೂದಲ ಬುಡಗಳು ಕೋಶಗಳು ಅಡಗುವ ಜಾಗ. ಪ್ರತಿ ಜಾಗದಿಂದ ಮೂರು ಪ್ರತಿ ಇರಲಿ, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ದಾನಿಗಳಿಂದ. ಎಲ್ಲವನ್ನೂ ಸೇರಿಸಿ ಅರೆದು ಸರಾಸರಿ ತೆಗೆಯಬೇಡಿ, ಸರಾಸರಿಯೊಳಗೆ ಕೆಟ್ಟ ಜಾಗ ಮುಚ್ಚಿಹೋಗುತ್ತದೆ.

ಜೊತೆಗೆ ಇವಿಷ್ಟೂ ಬೇಕು: ಸಂಸ್ಕರಿಸದ ಅದೇ ಅಂಗಾಂಶ, ಅಂಗಾಂಶವೇ ಇಲ್ಲದ ಖಾಲಿ ನಳಿಕೆ, ಅದೂ ಆರಂಭದಿಂದ ಕೊನೆಯವರೆಗೆ ಎಲ್ಲ ಹಂತ ದಾಟಿದ್ದು, ಮತ್ತು ಗೊತ್ತಿರುವಷ್ಟು ಡಿಎನ್‌ಎ ಬೆರೆಸಿದ ಮಾದರಿ. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಇಡೀ ಕೆಲಸದ ಬೆಲೆ ಅದರ ಮೇಲೆ ನಿಂತಿದೆ.

ಮನುಷ್ಯರ ಅಂಗಾಂಶವಾದರೆ ಕೈಗವಸು, ಬೇರೆ ಕೋಣೆ, ಹೊಸ ಬ್ಲೇಡು ಕಡ್ಡಾಯ. ನಿಮ್ಮದೇ ಚರ್ಮದ ಕೋಶಗಳು ಬಿದ್ದರೆ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ವಿಧಾನ) ಅದನ್ನೂ ಎಣಿಸುತ್ತದೆ.

ಮೂರನೆಯ ಹೆಜ್ಜೆ: ಒಣಗಿಸಿ ತೂಗುವುದು

ಒದ್ದೆ ತೂಕವೋ ಒಣ ತೂಕವೋ ಎಂಬುದು ಸಣ್ಣ ವಿವರ ಅನ್ನಿಸಬಹುದು. ಮೃದು ಅಂಗಾಂಶದಲ್ಲಿ 70ರಿಂದ 80 ಶೇಕಡ ನೀರು. ಒದ್ದೆ ತೂಕದಿಂದ ಭಾಗಿಸಿದರೆ ಅಂಕಿ ಮೂರರಿಂದ ಐದು ಪಟ್ಟು ಇಳಿದುಬಿಡುತ್ತದೆ. ವರದಿಯಲ್ಲಿ ‘ಪ್ರತಿ ಮಿಲಿಗ್ರಾಂಗೆ’ ಎಂದಷ್ಟೇ ಇದ್ದು ಯಾವ ತೂಕ ಎಂದು ಇಲ್ಲದಿದ್ದರೆ ಆ ವರದಿಯನ್ನು ವಾಪಸ್ ಕಳಿಸಿ.

ಮೊದಲು ಶುದ್ಧ ನೀರಿನಲ್ಲಿ ಹಲವು ಬಾರಿ ತೊಳೆಯಿರಿ. ಉಪ್ಪಿನ ದ್ರಾವಣ ಉಳಿದರೆ ಉಪ್ಪೂ ಒಣ ತೂಕಕ್ಕೆ ಸೇರುತ್ತದೆ. ಗ್ಲಿಸರಾಲ್‌ನಲ್ಲಿ ಕಾಪಿಟ್ಟ ಉತ್ಪನ್ನವಾದರೆ ಇದು ದೊಡ್ಡ ಸಮಸ್ಯೆ. ಗ್ಲಿಸರಾಲ್ ಆವಿಯಾಗುವುದಿಲ್ಲ, ತಕ್ಕಡಿಯಲ್ಲಿ ಕೂತು ನಿಮ್ಮ ಅಂಕಿಯನ್ನು ಚೆಂದ ಮಾಡುತ್ತದೆ. ತೊಳೆದ ನೀರನ್ನು ಚೆಲ್ಲದೆ ಇಟ್ಟುಕೊಂಡು ಅದರಲ್ಲೂ ಡಿಎನ್‌ಎ ಅಳೆಯಿರಿ, ಸಡಿಲವಾಗಿದ್ದ ಚೂರುಗಳು ಅಲ್ಲಿರಬಹುದು. ಆಮೇಲೆ ಒಂದು ಮಿಲಿಮೀಟರ್‌ಗಿಂತ ಚಿಕ್ಕದಾಗಿ ಕೊಚ್ಚಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ. ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಒಣಗಿದೆ ಎಂದರ್ಥ. 10 ಮಿಲಿಗ್ರಾಂ ಒಣ ತುಂಡು ಒಂದು ಪರೀಕ್ಷೆಗೆ ಸಾಕು.

ನಾಲ್ಕನೆಯ ಹೆಜ್ಜೆ: ಪೂರ್ತಿ ಕರಗಿಸುವುದು

ಅಂಕಿ ಸುಳ್ಳಾಗುವುದು ಬಹುತೇಕ ಇಲ್ಲಿಯೇ. ಕೊಲಾಜೆನ್ ಕರಗದಿದ್ದರೆ ಅದರೊಳಗಿನ ಡಿಎನ್‌ಎ ಹೊರಬರದು, ಮತ್ತು ಹೊರಬರದ ಡಿಎನ್‌ಎ ಯಾವ ಯಂತ್ರಕ್ಕೂ ಕಾಣದು. ನಳಿಕೆಯ ತಳದಲ್ಲಿ ಕರಗದ ಚೂರು ಉಳಿದಿರುವಾಗಲೇ ಮುಂದಿನ ಹಂತಕ್ಕೆ ಹೋಗುವವರನ್ನು ಎಷ್ಟೋ ಕಡೆ ನೋಡಬಹುದು. ಹೀಗೆ ಅಳೆದರೆ ಅತಿ ಗಟ್ಟಿ ಅಂಗಾಂಶವೇ ಅತಿ ಶುದ್ಧ ಎಂದು ಫಲಿತಾಂಶ ಬರುತ್ತದೆ!

ಎರಡು ದಾರಿಗಳು ರೂಢಿಯಲ್ಲಿವೆ. ಒಂದು, ಪಪೈನ್ ಎಂಬ ಪ್ರೋಟೀನು ಕರಗಿಸುವ ಕಿಣ್ವ: 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ, ಸಿಸ್ಟೀನ್ ಮತ್ತು ಇಡಿಟಿಎ (ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಡುವ ರಾಸಾಯನಿಕ) ಇರುವ ಬಫರ್‌ನಲ್ಲಿ. ಮೃದ್ವಸ್ಥಿಯಂಥ ಅಂಗಾಂಶಕ್ಕೆ ಇದು ಚೆನ್ನ. ಇನ್ನೊಂದು, ಪ್ರೋಟೀನೇಸ್-ಕೆ: 56 ಡಿಗ್ರಿಯಲ್ಲಿ, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವ ಬಫರ್‌ನಲ್ಲಿ, ಪೂರ್ತಿ ತಿಳಿಯಾಗುವವರೆಗೆ. ಒಂದು ರಾತ್ರಿಯಲ್ಲಿ ಮುಗಿಯದಿದ್ದರೆ ಹೊಸ ಕಿಣ್ವ ಹಾಕಿ ಮುಂದುವರಿಸಿ. ದಪ್ಪ ಚರ್ಮಕ್ಕೆ ಮೊದಲು ಕೊಲಾಜಿನೇಸ್ ಕೊಟ್ಟು ನಂತರ ಪ್ರೋಟೀನೇಸ್-ಕೆ ಕೊಡುವುದು ಒಳ್ಳೆಯದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕು. ಸಂಸ್ಕರಣೆಯಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನೇಸ್ ಬಳಸಿದ್ದರೆ, ಅದು ಅಂಗಾಂಶದಲ್ಲಿ ಸ್ವಲ್ಪ ಉಳಿದಿದ್ದರೆ, ಕ್ಯಾಲ್ಸಿಯಂ-ಮೆಗ್ನೀಷಿಯಂ ಸಿಕ್ಕೊಡನೆ ಎಚ್ಚೆತ್ತು ನಿಮ್ಮ ನಳಿಕೆಯಲ್ಲೇ ಡಿಎನ್‌ಎ ತಿನ್ನತೊಡಗುತ್ತದೆ. ಆಗ ನೀವು ಅಳೆಯುವುದು ರೋಗಿಯ ದೇಹಕ್ಕೆ ಹೋಗುವ ವಸ್ತುವನ್ನಲ್ಲ. ಡಿಎನೇಸ್ ಬಳಸಿದ ಉತ್ಪನ್ನಕ್ಕೆ ಇಡಿಟಿಎ ಇರುವ ಬಫರ್‌ನಲ್ಲೇ ಶುರುಮಾಡಿ.

ಮೂಳೆಗೆ ಇನ್ನೊಂದು ಹಂತ ಹೆಚ್ಚು: 0.5 ಮೋಲಾರ್ ಇಡಿಟಿಎಯಲ್ಲಿ ಸುಣ್ಣ ತೆಗೆಯಬೇಕು, ಅದಕ್ಕೆ ದಿನಗಟ್ಟಲೆ ಬೇಕು. ಆ ಇಡಿಟಿಎ ದ್ರವದಲ್ಲೂ ಡಿಎನ್‌ಎ ಇಳಿದಿರುತ್ತದೆ, ಚೆಲ್ಲಬೇಡಿ.

ಐದನೆಯ ಹೆಜ್ಜೆ: ಬೇರ್ಪಡಿಸುವುದು, ಮತ್ತು ನಷ್ಟವನ್ನು ಅಳೆಯುವುದು

ಸಿಲಿಕಾ ಕಾಲಮ್ ಕಿಟ್‌ಗಳು ವೇಗ, ಸುರಕ್ಷಿತ. ಆದರೆ ಅವನ್ನು ರೂಪಿಸಿದ್ದು ತಾಜಾ ಕೋಶದ ಉದ್ದನೆಯ ಡಿಎನ್‌ಎಗೆ. ಸಾಮಾನ್ಯ ಕಿಟ್‌ಗಳಲ್ಲಿ 100 ಬೇಸ್ ಪೇರ್ ಆಸುಪಾಸಿನ ಚೂರುಗಳು ಸೋರಿ ಹೋಗುತ್ತವೆ. ಸಂಸ್ಕರಿಸಿದ ಅಂಗಾಂಶದಲ್ಲಿ ಉಳಿದಿರುವುದೇ ಅಂಥ ಚೂರುಗಳು. ಜರಡಿಯ ಕಣ್ಣಿಗಿಂತ ಸಣ್ಣ ಕಾಳನ್ನು ಜರಡಿಯಲ್ಲೇ ಎಣಿಸಲು ಹೊರಟ ಹಾಗೆ. ಚಿಕ್ಕ ಚೂರುಗಳಿಗೆಂದೇ ಮಾಡಿದ ಕಾಲಮ್ ಬಳಸಿ, ಇಲ್ಲವಾದರೆ ಹಳೆಯ ಫೀನಾಲ್-ಕ್ಲೋರೋಫಾರ್ಮ್ ವಿಧಾನಕ್ಕೆ ಹೋಗಿ: ಎಥನಾಲ್‌ನಲ್ಲಿ ತಳಕ್ಕಿಳಿಸುವಾಗ ಗ್ಲೈಕೋಜೆನ್ ಬೆರೆಸಿದರೆ ಚೂರುಗಳು ಕೆಳಗೆ ಕೂರುತ್ತವೆ. ಫೀನಾಲ್ ಚರ್ಮ ಸುಡುತ್ತದೆ. ಹೊಗೆಗೂಡು, ಸರಿಯಾದ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಇನ್ನು ನಷ್ಟದ ಅಳತೆ. ಒಂದು ನಳಿಕೆಗೆ, ಕರಗಿಸುವ ಮುನ್ನವೇ, 500 ನ್ಯಾನೊಗ್ರಾಂ ಲ್ಯಾಮ್‌ಡಾ ಫೇಜ್ (ಬ್ಯಾಕ್ಟೀರಿಯಾಗೆ ತಗಲುವ ವೈರಸ್) ಡಿಎನ್‌ಎ ಹಾಕಿ. ಅದು 48,502 ಬೇಸ್ ಪೇರ್ ಉದ್ದದ್ದು. ಚಿಕ್ಕ ಚೂರುಗಳ ಗತಿ ತಿಳಿಯಲು 150-200 ಬೇಸ್ ಪೇರ್‌ನ ಶುದ್ಧ ತುಣುಕನ್ನು ಇನ್ನೊಂದು ನಳಿಕೆಗೆ ಹಾಕಿ. ಕೊನೆಯಲ್ಲಿ ಎಷ್ಟು ವಾಪಸ್ ಬಂತು ನೋಡಿ. ಉದ್ದದ್ದು ಚೆನ್ನಾಗಿ ಬಂದು ಚಿಕ್ಕದ್ದು ಬರದಿದ್ದರೆ ನಿಮ್ಮ ವಿಧಾನಕ್ಕೆ ಬೇಕಾದದ್ದೇ ಕಾಣುತ್ತಿಲ್ಲ.

ಆರನೆಯ ಹೆಜ್ಜೆ: ಪ್ರಮಾಣ

260 ನ್ಯಾನೊಮೀಟರ್ ಬೆಳಕಿನ ಹೀರಿಕೆ ನೋಡುವ ಯಂತ್ರ ಎಲ್ಲರ ಮೇಜಿನ ಮೇಲೂ ಇದೆ, ಈ ಕೆಲಸಕ್ಕೆ ಅದು ಬೇಡ. ಆರ್‌ಎನ್‌ಎ, ಒಂಟಿ ಎಳೆ, ಪೆಪ್ಟೈಡ್ ಚೂರು, ಉಳಿದ ಫೀನಾಲ್ ಎಲ್ಲವನ್ನೂ ಅದು ಡಿಎನ್‌ಎ ಎಂದೇ ಎಣಿಸುತ್ತದೆ. ಪ್ರತಿ ಮೈಕ್ರೊಲೀಟರ್‌ಗೆ ಎರಡು-ಮೂರು ನ್ಯಾನೊಗ್ರಾಂ ಮಟ್ಟದಲ್ಲಿ ಅದರ ಓದು ಗದ್ದಲವೇ ಹೊರತು ಅಳತೆಯಲ್ಲ.

ಪಿಕೊಗ್ರೀನ್‌ನಂಥ, ಎರಡೆಳೆ ಡಿಎನ್‌ಎಗೆ ಅಂಟಿದಾಗ ಹೊಳೆಯುವ ಬಣ್ಣ ಬಳಸಿ. 480 ನ್ಯಾನೊಮೀಟರ್‌ನಲ್ಲಿ ಬೆಳಕು ಕೊಟ್ಟು 520ರಲ್ಲಿ ಓದುವುದು. ಮಾಪನರೇಖೆಯನ್ನು ಶುದ್ಧ ಬಫರ್‌ನಲ್ಲಿ ಮಾಡದೆ, ಅಂಗಾಂಶದ ಮಾದರಿ ದಾಟಿದ ಅದೇ ಬಫರ್‌ನಲ್ಲಿ ಮಾಡಿ. ಉಳಿದ ಎಸ್‌ಡಿಎಸ್ ಹೊಳಪನ್ನು ಏರುಪೇರು ಮಾಡುತ್ತದೆ. ಚೂರುಚೂರಾದ ಡಿಎನ್‌ಎಗೆ ಈ ಬಣ್ಣದ ಹೊಳಪು ಸಹ ಕುಗ್ಗುತ್ತದೆ, ಆದ್ದರಿಂದ ಮಾಪನಕ್ಕೆ ಬಳಸುವ ಡಿಎನ್‌ಎಯನ್ನೂ ಸುಮಾರು ಅದೇ ಉದ್ದಕ್ಕೆ ಚೂರು ಮಾಡಿಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ.

ಈಗ ಲೆಕ್ಕ. ಒಣ ತುಂಡು 10 ಮಿಲಿಗ್ರಾಂ, ಬೇರ್ಪಡಿಸಿ 100 ಮೈಕ್ರೊಲೀಟರ್‌ನಲ್ಲಿ ಇಳಿಸಿಕೊಂಡಿದ್ದೀರಿ ಎಂದುಕೊಳ್ಳಿ. ಓದು ಪ್ರತಿ ಮೈಕ್ರೊಲೀಟರ್‌ಗೆ 3.6 ನ್ಯಾನೊಗ್ರಾಂ. ಒಟ್ಟು 360, ಅಂದರೆ ಪ್ರತಿ ಮಿಲಿಗ್ರಾಂಗೆ 36 ನ್ಯಾನೊಗ್ರಾಂ. ಪಾಸ್. ಬೆರಕೆ ಹಾಕಿದ ನಳಿಕೆಯಲ್ಲಿ 360ಕ್ಕೆ 500 ಸೇರಿ 860 ಬರಬೇಕಿತ್ತು, ಬಂದದ್ದು 660. ಹಾಕಿದ 500ರಲ್ಲಿ 300 ಮಾತ್ರ ವಾಪಸ್, 60 ಶೇಕಡ. 36ನ್ನು 0.6ರಿಂದ ಭಾಗಿಸಿದರೆ 60 ನ್ಯಾನೊಗ್ರಾಂ. ಫೇಲ್. ಇದೇ ತುಂಡಿನಲ್ಲಿ 80 ಶೇಕಡ ನೀರಿತ್ತೆಂದು ಹಿಡಿದು, ತಿದ್ದದ ಅಂಕಿಯನ್ನು ಒದ್ದೆ ತೂಕಕ್ಕೆ ಹೇಳಿದರೆ 7.2. ಭರ್ಜರಿ ಪಾಸ್. 7.2, 36, 60 ಈ ಮೂರೂ ಒಂದೇ ತುಂಡಿನಿಂದ ಬಂದವು, ಯಾವುದರಲ್ಲೂ ಕೂಡು-ಕಳೆಯುವ ತಪ್ಪಿಲ್ಲ.

ಇನ್ನೂ ಒಂದು ಮಾತು. ನೀವು ಹಾಕಿದ ಬೆರಕೆ ಡಿಎನ್‌ಎ ದ್ರವದಲ್ಲಿ ಸ್ವತಂತ್ರವಾಗಿ ತೇಲುತ್ತಿತ್ತು, ಅಂಗಾಂಶದ್ದು ಕೊಲಾಜೆನ್ನಿನ ನಡುವೆ ಸಿಕ್ಕಿಕೊಂಡಿತ್ತು. ಹಾಗಾಗಿ 60 ಕೂಡ ಕೆಳಮಿತಿಯೇ, ನಿಜವಾದ್ದು ಅದಕ್ಕಿಂತ ಹೆಚ್ಚಿರುವ ಸಂಭವವಿದೆ.

‘97 ಶೇಕಡ ಡಿಎನ್‌ಎ ತೆಗೆದಿದ್ದೇವೆ’ ಎಂಬ ಹೇಳಿಕೆಗೆ ಒಂಟಿಯಾಗಿ ಬೆಲೆಯಿಲ್ಲ. ಮೂಲದಲ್ಲೇ ಕೋಶ ಕಿಕ್ಕಿರಿದ ಅಂಗಾಂಶವಾದರೆ ಉಳಿದ 3 ಶೇಕಡವೇ ಮಿತಿ ದಾಟಬಹುದು. ಸಂಸ್ಕರಣೆಯಲ್ಲಿ ಕೋಶ ಮಾತ್ರವಲ್ಲದೆ ಇತರ ವಸ್ತುವೂ ತೊಳೆದುಹೋಗಿ ನಾವು ಭಾಗಿಸುವ ತೂಕವೇ ಬದಲಾಗಿರುತ್ತದೆ ಎಂಬುದೂ ನೆನಪಿರಲಿ.

ಏಳನೆಯ ಹೆಜ್ಜೆ: ಉದ್ದ

2 ಶೇಕಡ ಅಗರೋಸ್ ಜೆಲ್, 100 ಬೇಸ್ ಪೇರ್ ಏಣಿ (ಗೊತ್ತಿರುವ ಉದ್ದದ ಚೂರುಗಳ ಅಳತೆಪಟ್ಟಿ), ಪಕ್ಕದಲ್ಲಿ ಸಂಸ್ಕರಿಸದ ಅಂಗಾಂಶದ ಡಿಎನ್‌ಎ. ಎಲ್ಲ ಸಾಲಿಗೂ ಸಮ ತೂಕದ ಡಿಎನ್‌ಎ ಹಾಕಬೇಕು, ಸಮ ಗಾತ್ರದ ದ್ರವವನ್ನಲ್ಲ. ಇಲ್ಲದಿದ್ದರೆ ‘ಏನೂ ಕಾಣುತ್ತಿಲ್ಲ’ ಎಂಬುದಕ್ಕೆ ಕಡಿಮೆ ಹಾಕಿದ್ದೇ ಕಾರಣವಾಗಿರುತ್ತದೆ. ಮೇಲಿನಿಂದ ಕೆಳಗಿನವರೆಗೆ ಹರಡಿದ ಮಬ್ಬು ಕಂಡರೆ ಉದ್ದ-ಚಿಕ್ಕ ಎಲ್ಲ ಇವೆ ಎಂದರ್ಥ. ಮಾದರಿ ಹಾಕುವ ಗುಳಿಯ ಬಾಯಲ್ಲೇ ಗಟ್ಟಿ ಪಟ್ಟಿ ನಿಂತರೆ ಕೋಶಕೇಂದ್ರದ ಡಿಎನ್‌ಎ ಹೆಚ್ಚುಕಡಿಮೆ ಹಾಗೇ ಇದೆ. ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಯಂತ್ರವಿದ್ದರೆ ಎಷ್ಟು ಪಾಲು 200ರ ಕೆಳಗಿದೆ ಎಂದು ಅಂಕಿಯಲ್ಲೇ ಸಿಗುತ್ತದೆ.

ಗಾಮಾ ವಿಕಿರಣದಿಂದ ಕ್ರಿಮಿಶುದ್ಧಿ ಮಾಡಿದ ಉತ್ಪನ್ನದಲ್ಲಿ ಚೂರುಗಳು ಚಿಕ್ಕದಾಗಿರುವುದು ವಿಕಿರಣದಿಂದಲೂ ಇರಬಹುದು. ತೊಳೆಯುವ ವಿಧಾನವನ್ನು ಪರೀಕ್ಷಿಸುವುದಾದರೆ ವಿಕಿರಣಕ್ಕೆ ಮುಂಚೆ, ರೋಗಿಗೆ ಸೇರುವುದನ್ನು ತಿಳಿಯುವುದಾದರೆ ಅದರ ನಂತರ ಅಳೆಯಿರಿ.

ಎಂಟನೆಯ ಹೆಜ್ಜೆ: ಕಣ್ಣಿನಿಂದ ನೋಡುವುದು

5 ಮೈಕ್ರೊಮೀಟರ್ ಛೇದ, ಹೆಮಟಾಕ್ಸಿಲಿನ್-ಇಯೋಸಿನ್ ಒಂದು, ಡ್ಯಾಪಿ ಒಂದು. ಕೊಲಾಜೆನ್, ಎಲಾಸ್ಟಿನ್ ಎರಡೂ ಡ್ಯಾಪಿ ನೋಡಲು ಬಳಸುವ ಅತಿನೇರಳೆ ಬೆಳಕಿನಲ್ಲಿ ತಾವಾಗಿಯೇ ನೀಲಿಯಾಗಿ ಹೊಳೆಯುತ್ತವೆ. ಬಣ್ಣ ಹಾಕದ ಛೇದವೊಂದನ್ನು ಅದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯದೆ ಡ್ಯಾಪಿ ಚಿತ್ರವನ್ನು ಓದಬೇಡಿ. ದುಂಡನೆಯ ಕೋಶಕೇಂದ್ರ ಕಾಣದೆ ತೆಳು ನೀಲಿ ಹೊಗೆಯಂತೆ ಹರಡಿದ್ದರೆ, ಕೋಶ ಒಡೆದಿದೆ, ಡಿಎನ್‌ಎ ಮಾತ್ರ ಅಲ್ಲೇ ಅಂಟಿಕೊಂಡಿದೆ. ಡಿಟರ್ಜೆಂಟ್ ಕೆಲಸ ಮಾಡಿದೆ, ತೊಳೆತ ಸಾಲದು. ಅಂಕಿ ಎಂದೂ ಹೇಳಿಕೊಡದ ವಿಷಯ ಇದು, ಎಲ್ಲಿ ಉಳಿದಿದೆ ಎಂಬುದು.

ಪಿಸಿಆರ್ ಯಾವಾಗ ಬೇಕು

ಪ್ರತಿ ಬಾರಿಯೂ ಬೇಡ. ಯಾವ ಪ್ರಾಣಿಯ ಡಿಎನ್‌ಎ ಎಂದು ತಿಳಿಯಬೇಕಾದಾಗ, ಇಲ್ಲವೇ ಪ್ರಮಾಣ ತೀರ ಕಡಿಮೆ ಇದ್ದಾಗ ಬಳಸಿ. ಮನುಷ್ಯರ ಡಿಎನ್‌ಎಗೆ ಆಲು ಎಂಬ ಪುನರಾವರ್ತಿತ ಭಾಗ ಒಳ್ಳೆಯ ಗುರಿ: ಜೀನೋಮಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಿವೆ. ಮೈಟೊಕಾಂಡ್ರಿಯಾದ್ದನ್ನು ಬೇರೆಯಾಗಿ ನೋಡಿ. ಗುರಿ ತುಣುಕು 100 ಬೇಸ್ ಪೇರ್‌ಗಿಂತ ಚಿಕ್ಕದಿರಲಿ. 400ರ ಗುರಿ ಇಟ್ಟರೆ ಚೂರಾದ ಡಿಎನ್‌ಎ ಸಿಗದೆ ಸುಳ್ಳು ಸೊನ್ನೆ ಬರುತ್ತದೆ. ಕೊಲಾಜೆನ್, ಮೆಲನಿನ್, ಹೀಮ್, ಕ್ಯಾಲ್ಸಿಯಂ ಪಿಸಿಆರ್ ತಡೆಯುತ್ತವೆ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದಾಗ ಫಲಿತಾಂಶವೂ ಹತ್ತು ಪಟ್ಟು ಇಳಿಯಬೇಕು, ಇಳಿಯದೆ ಏರಿದರೆ ತಡೆ ಇದೆ.

ಹಂದಿಯ ಅಂಗಾಂಶದಲ್ಲಿ ಹಂದಿಯ ಜೀನೋಮಿನಲ್ಲೇ ಬರೆದಿರುವ ರೆಟ್ರೋವೈರಸ್‌ಗಳ ಪ್ರಶ್ನೆ ಏಳುತ್ತದೆ. ಅವು ಪ್ರಯೋಗಾಲಯದಲ್ಲಿ ಮನುಷ್ಯರ ಕೋಶಗಳಿಗೆ ಹರಡಬಲ್ಲವು ಎಂದು 1997ರಲ್ಲಿ ತೋರಿಸಲಾಗಿತ್ತು. ಆ ಭಯ ಮುಖ್ಯವಾಗಿ ಜೀವಂತ ಅಂಗ ಕಸಿಯದ್ದು. ಜೀವಂತ ಕೋಶವಿಲ್ಲದ ಮ್ಯಾಟ್ರಿಕ್ಸ್‌ನಲ್ಲಿ ಆ ಜೀನಿನ ಚೂರು ಪಿಸಿಆರ್‌ಗೆ ಸಿಕ್ಕಿತೆಂದರೆ ವೈರಸ್ ಸಿಕ್ಕಿತೆಂದಲ್ಲ.

ಅಂಕಿ ಹೆಚ್ಚು ಬಂದರೆ

ಮೊದಲು ಸೂಕ್ಷ್ಮದರ್ಶಕಕ್ಕೆ ಹೋಗಿ. ಪೂರ್ತಿ ಕೋಶಕೇಂದ್ರಗಳು ನಡುಭಾಗದಲ್ಲಿ ಮಾತ್ರ ಇದ್ದರೆ ಡಿಟರ್ಜೆಂಟ್ ಒಳಗೆ ಇಳಿದಿಲ್ಲ: ಸಮಯ ಹೆಚ್ಚಿಸಿ, ಅಲುಗಾಟ ಹೆಚ್ಚಿಸಿ, ಮೊದಲೊಂದು ಹೆಪ್ಪುಗಟ್ಟಿಸಿ-ಕರಗಿಸುವ ಸುತ್ತು ಸೇರಿಸಿ. ಹೊಗೆಯಂಥ ನೀಲಿ ಎಲ್ಲೆಡೆ ಇದ್ದರೆ ಡಿಎನೇಸ್ ಹಂತ ಬೇಕು. ಸೋಡಿಯಂ ಡಿಆಕ್ಸಿಕೋಲೇಟ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಅದು ಕೋಶ ಒಡೆದಾಗ ಡಿಎನ್‌ಎ ಲೋಳೆಯಾಗಿ ನಾರುಗಳಿಗೆ ಅಂಟುತ್ತದೆ. ಡಿಎನೇಸ್-1 ಕೊಡುವಾಗ ಬಫರ್‌ನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಇರಬೇಕು. ಹಿಂದಿನ ಹಂತದಲ್ಲಿ ಇಡಿಟಿಎ ಬಳಸಿದ್ದರೆ ಪೂರ್ತಿ ತೊಳೆದಿರಬೇಕು, ಇಲ್ಲವಾದರೆ ಕಿಣ್ವ ಸುಮ್ಮನೆ ಕೂತಿರುತ್ತದೆ. ಡಿಎನೇಸ್ ಡಿಎನ್‌ಎಯನ್ನು ಕತ್ತರಿಸುತ್ತದೆ ಅಷ್ಟೇ, ಹೊರಹಾಕುವುದಿಲ್ಲ. ಅದರ ನಂತರದ ತೊಳೆತವೇ ನಿಜವಾದ ಕೆಲಸ. ಕಿಣ್ವವೂ ಹೊರಹೋಗಬೇಕು, ಏಕೆಂದರೆ ಅದು ಸಾಮಾನ್ಯವಾಗಿ ದನದ ಮೇದೋಜೀರಕ ಗ್ರಂಥಿಯಿಂದ ಬಂದ ಪರಕೀಯ ಪ್ರೋಟೀನು.

ಎಸ್‌ಡಿಎಸ್ ಪ್ರಮಾಣ ಏರಿಸುವ ಆಸೆ ಬರುತ್ತದೆ. ಡಿಎನ್‌ಎ ಇಳಿಯುತ್ತದೆ ನಿಜ, ಜೊತೆಗೆ ಕೊಲಾಜೆನ್ ಸಡಿಲವಾಗುತ್ತದೆ, ಗ್ಲೈಕೋಸಮಿನೋಗ್ಲೈಕಾನ್‌ಗಳು (ಅಂಗಾಂಶದ ಸಕ್ಕರೆ ಸರಪಳಿಗಳು) ಹೋಗುತ್ತವೆ, ಉಳಿದ ಎಸ್‌ಡಿಎಸ್ ರೋಗಿಯ ಕೋಶಗಳನ್ನೇ ಕೊಲ್ಲುತ್ತದೆ. ಡಿಎನ್‌ಎ 10 ನ್ಯಾನೊಗ್ರಾಂಗೆ ಇಳಿದ, ಆದರೆ ಹೊಲಿಗೆ ಹಿಡಿಯದ ಮ್ಯಾಟ್ರಿಕ್ಸ್‌ಗಿಂತ 40ರಲ್ಲಿ ನಿಂತ ಗಟ್ಟಿ ಮ್ಯಾಟ್ರಿಕ್ಸ್ ಮೇಲು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪ್ರತಿ ಬದಲಾವಣೆಯ ನಂತರ ಎಳೆತದ ಶಕ್ತಿ ಮತ್ತು ಉಳಿದ ಡಿಟರ್ಜೆಂಟ್ ಎರಡನ್ನೂ ಅಳೆಯಿರಿ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂ 2019ರಲ್ಲಿ ತಂದ ಎಫ್3354 ಮಾರ್ಗದರ್ಶಿ ಈ ಪ್ರಕ್ರಿಯೆಗಳ ಮೌಲ್ಯಮಾಪನಕ್ಕೆಂದೇ ಇರುವುದು. ವಿಧಾನವನ್ನು ದಾಖಲಿಸುವಾಗ ಜೊತೆಗಿಟ್ಟುಕೊಳ್ಳಲು ಯೋಗ್ಯ.

ಶಸ್ತ್ರವೈದ್ಯರು ಪೂರೈಕೆದಾರರನ್ನು ಕೇಳಬೇಕಾದ್ದು

ವರದಿ ಕೈಗೆ ಬಂದಾಗ ಅಂಕಿಯನ್ನು ಕೊನೆಗೆ ನೋಡಿ. ಒಣ ತೂಕಕ್ಕೋ ಒದ್ದೆ ತೂಕಕ್ಕೋ? ಅಂಗಾಂಶ ಪೂರ್ತಿ ಕರಗಿತ್ತೇ? ಬೆರಕೆ ಡಿಎನ್‌ಎ ಎಷ್ಟು ಶೇಕಡ ವಾಪಸ್ ಬಂತು, ಚಿಕ್ಕ ಚೂರಿನದ್ದೂ ನೋಡಿದ್ದಾರೆಯೇ? ಯಾವ ಜಾಗದಿಂದ ಎಷ್ಟು ಮಾದರಿ? ಸರಾಸರಿಯ ಜೊತೆಗೆ ಅತಿ ಹೆಚ್ಚು ಬಂದ ಅಂಕಿ ಯಾವುದು? ಪರೀಕ್ಷೆ ಪ್ರತಿ ಬ್ಯಾಚಿಗೂ ನಡೆಯುತ್ತದೆಯೇ, ಅಥವಾ ವಿಧಾನ ರೂಪಿಸಿದಾಗ ಒಮ್ಮೆ ನಡೆದದ್ದೇ ಇನ್ನೂ ಓಡುತ್ತಿದೆಯೇ? ಜೆಲ್ ಚಿತ್ರ, ಡ್ಯಾಪಿ ಚಿತ್ರ, ಬಣ್ಣ ಹಾಕದ ಛೇದದ ಚಿತ್ರ ಕೊಡುತ್ತಾರೆಯೇ?

ಕಸಿ ಮಾಡಿಸಿಕೊಂಡವರಿಗೆ ಸಂಬಂಧಿಸಿದ ಒಂದು ವಿಷಯವನ್ನೂ ಪ್ರಕರಣದ ಕಡತದಲ್ಲಿ ಬರೆದಿಡಿ. ದಾನಿಯ ಮೂಳೆಯಲ್ಲೋ ಚರ್ಮದಲ್ಲೋ ಉಳಿದ ಡಿಎನ್‌ಎ ಗುರುತು ಹಚ್ಚುವಷ್ಟು ಉದ್ದವಿದ್ದರೆ, ಮುಂದೆ ಅದೇ ಜಾಗದಿಂದ ಬಯಾಪ್ಸಿ ತೆಗೆದು ಜೀನ್ ಪರೀಕ್ಷೆ ಮಾಡಿದಾಗ ಎರಡು ಜನರ ಡಿಎನ್‌ಎ ಬೆರೆತ ಫಲಿತಾಂಶ ಬರಬಹುದು. ಕಸಿಯ ಬ್ಯಾಚ್ ಸಂಖ್ಯೆ, ಹಾಕಿದ ಜಾಗ, ದಿನಾಂಕ ಕಡತದಲ್ಲಿದ್ದರೆ ಪ್ರಯೋಗಾಲಯದವರು ಬೇರೆ ಕಡೆಯಿಂದ, ರಕ್ತದಿಂದಲೋ ಕೆನ್ನೆಯ ಒಳಪದರದಿಂದಲೋ, ಮಾದರಿ ಕೇಳುತ್ತಾರೆ.